ನಿರುದ್ಯೋಗದ ಪರ್ಸೆಂಟೇಜು ಯಾರ ಲೆಕ್ಕ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎಲೆಕ್ಷನ್ ಭಾಷಣದಲ್ಲಿ ಒಬ್ರು ನಿರುದ್ಯೋಗ 3.2 ಪರ್ಸೆಂಟಿಗೆ ಇಳಿದಿದೆ ಅಂತಾರೆ, ಇನ್ನೊಬ್ರು 45 ವರ್ಷದಲ್ಲೇ ಇಷ್ಟು ನಿರುದ್ಯೋಗ ಇರ್ಲಿಲ್ಲ ಅಂತಾರೆ. ಇಬ್ರೂ ಸರ್ಕಾರದ ಸರ್ವೇನೇ ತೋರಿಸ್ತಾರೆ. ಯಾರದ್ದು ಸುಳ್ಳು?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಸರ್ವೆ ಒಂದೇ, ವರ್ಷ ಬೇರೆ ಬೇರೆ. ಕೇಂದ್ರದ ಪಿಎಲ್‌ಎಫ್‌ಎಸ್ ಅನ್ನೋ, ಮನೆಮನೆಗೆ ಹೋಗಿ ಕೆಲಸದ ಬಗ್ಗೆ ಕೇಳೋ ಸರ್ವೆ 2017ರಲ್ಲಿ ಶುರುವಾಗಿದ್ದು, ಮೊದಲ ವರದಿಲಿ 2017-18ರ ನಿರುದ್ಯೋಗ 6.1 ಪರ್ಸೆಂಟ್ ಅಂತ ಬಂತು. ಅದು 2019ರ ಜನವರಿಯಲ್ಲೇ ಪತ್ರಿಕೆಗೆ ಸೋರಿಕೆ ಆಯ್ತು, ಸರ್ಕಾರ ಬಿಡುಗಡೆ ಮಾಡಿದ್ದು ಮಾತ್ರ ಚುನಾವಣೆ ಮುಗಿದ್ಮೇಲೆ, ಮೇ 31ಕ್ಕೆ. 45 ವರ್ಷದ ಮಾತು ಹುಟ್ಟಿದ್ದು ಅಲ್ಲಿ. 2023-24ಕ್ಕೆ ಬರೋ ಹೊತ್ತಿಗೆ ಅದೇ ಸರ್ವೆಲಿ 3.2. ಹಳೇ ಅಂಕಿಯನ್ನ ಇವತ್ತಿನದ್ದು ಅನ್ನೋ ಥರ ಹೇಳೋದು ತಪ್ಪು, ಆದ್ರೆ 3.2 ಅಂತ ಎದೆ ತಟ್ಟಿಕೊಳ್ಳೋರು ಮುಚ್ಚಿಡೋದು ಇನ್ನೂ ದೊಡ್ಡದು, ನನಗೆ ಸಿಟ್ಟು ಬರೋದೇ ಅದಕ್ಕೆ.

ಈ ಲೆಕ್ಕದಲ್ಲಿ ವರ್ಷದ ಹೆಚ್ಚು ಕಾಲ ಕೆಲಸ ಇಲ್ದಿದ್ರೂ ಒಟ್ಟು 30 ದಿನ ಏನಾದ್ರೂ ದುಡಿದಿದ್ರೆ ಸಾಕು, ಅವ್ರು ಉದ್ಯೋಗಸ್ಥರು. ನಿಮ್ಮೂರ ಕಡೆ ರೊಬಸ್ಟಾ ಹಣ್ಣು ಕೊಯ್ಲಿಗೆ ಜನವರಿಯಿಂದ ಒಂದೂವರೆ ತಿಂಗಳು ತೋಟಕ್ಕೆ ಹೋಗಿ, ಮಳೆಗಾಲ ಪೂರ್ತಿ ಕೂಲಿ ಸಿಗದೆ ಮನೇಲಿ ಕೂತ ಹೆಂಗಸು ಇದ್ದಾರಲ್ಲ, ಅವ್ರು ನಿರುದ್ಯೋಗಿ ಅಲ್ಲ. ಬಿಕಾಂ ಮುಗಿಸಿ ಕೆಲಸ ಸಿಗದೆ ಅಪ್ಪನ ಎರಡೆಕರೆ ತೋಟದಲ್ಲಿ ಹಣ್ಣು ತೂಕ ಮಾಡ್ಕೊಂಡು ಚೀಲ ಹೊಲಿದುಕೊಂಡು ಇರೋ ಹುಡುಗನೂ ಅಲ್ಲ, ಕೈಗೆ ಒಂದು ರೂಪಾಯಿ ಸಂಬಳ ಬರದಿದ್ರೂ ಅವ್ನು ಸ್ವಯಂ ಉದ್ಯೋಗಿ. ಹೀಗೆ ಮನೆ ಕಸುಬಲ್ಲಿ ಸಂಬಳ ಇಲ್ದೆ ದುಡಿಯೋರ ಪಾಲು 2017-18ರಲ್ಲಿ ಒಟ್ಟು ದುಡಿಯೋರಲ್ಲಿ ಶೇ 13 ಚಿಲ್ಲರೆ ಇದ್ದಿದ್ದು 2023-24ಕ್ಕೆ ಶೇ 19 ದಾಟಿದೆ. ತಿಂಗಳ ಸಂಬಳದೋರ ಪಾಲು 22.8ರಿಂದ 21.7ಕ್ಕೆ ಇಳಿದಿದೆ. ನಿರುದ್ಯೋಗ ಇಳಿದಿದೆ ಅನ್ನೋ ಭಾಷಣದಲ್ಲಿ ಈ ಎರಡು ಸಾಲು ಯಾಕೆ ಬರಲ್ಲ? ಅದೇ ವರದಿಯ ಒಳಗಡೆ ಇದೆ, ಹುಡುಕೋಕೆ ಕಷ್ಟವೇನೂ ಇಲ್ಲ.

ಇನ್ನೊಂದು, ಅದೇ 2023-24ರಲ್ಲಿ ವಾರದ ಲೆಕ್ಕ ಹಿಡಿದ್ರೆ ನಿರುದ್ಯೋಗ 4.9, ಅದೂ ಹಿಂದಿನ ಏಳು ದಿನದಲ್ಲಿ ಒಂದು ಗಂಟೆ ಕೆಲಸ ಮಾಡಿದ್ರೂ ಉದ್ಯೋಗ ಇದೆ ಅಂತ ಬರೆದುಕೊಂಡು. 15ರಿಂದ 29 ವಯಸ್ಸಿನೋರದ್ದು ವರ್ಷದ ಲೆಕ್ಕದಲ್ಲೇ 10.2.

ಪ್ರಶ್ನೆ: 8 ಕೋಟಿ ಹೊಸ ಉದ್ಯೋಗ ಅಂತ ಪ್ರಧಾನಿಗಳೇ ಹೇಳಿದ್ರಲ್ಲ, ಅಷ್ಟು ಕೆಲಸ ನಮ್ಮ ಕಡೆ ಯಾರಿಗೂ ಕಾಣ್ಲಿಲ್ಲ.
– ಓದುಗರೊಬ್ಬರು, ಮೂಡಿಗೆರೆ

ಉತ್ತರ: 2024ರ ಜುಲೈನಲ್ಲಿ ಮುಂಬೈನಲ್ಲಿ ಹೇಳಿದ್ದು, ಮೂರ್ನಾಲ್ಕು ವರ್ಷದಲ್ಲಿ ಅಂತ. ಆಧಾರ ರಿಸರ್ವ್ ಬ್ಯಾಂಕಿನ ಕ್ಲೆಮ್ಸ್, ಅಂದ್ರೆ ಯಾವ ವಲಯದಲ್ಲಿ ಎಷ್ಟು ಉತ್ಪಾದನೆ, ಎಷ್ಟು ಜನ ದುಡಿಯೋರು ಅನ್ನೋ ಅಂಕಿಅಂಶ. ಆದ್ರೆ ರಿಸರ್ವ್ ಬ್ಯಾಂಕು ಮನೆಮನೆಗೆ ಹೋಗಿ ಎಣಿಸಿದ್ದಲ್ಲ ಇದು, ಮೇಲೆ ಹೇಳಿದ ಅದೇ ಸರ್ವೆಯ ಪ್ರಮಾಣವನ್ನ ಜನಸಂಖ್ಯೆಯ ಅಂದಾಜಿಗೆ ಗುಣಿಸಿ ತೆಗೆದಿದ್ದು. ಹಾಗಾಗಿ ಸಂಬಳ ಇಲ್ಲದ ಕೆಲಸಾನೂ ಅದರೊಳಗೆ ಸೇರಿದೆ. 15 ದಾಟಿದ ಹೆಣ್ಮಕ್ಕಳಲ್ಲಿ ದುಡಿಮೆಗೆ ಇಳಿದೋರು, ಹುಡುಕ್ತಾ ಇರೋರೂ ಸೇರಿ, 2017-18ರಲ್ಲಿ ಶೇ 23.3 ಇದ್ದೋರು 2023-24ಕ್ಕೆ 41.7 ಆದ್ರು, ಹಳ್ಳಿಗಳಲ್ಲೇ ಏರಿಕೆ ಜಾಸ್ತಿ, ಬಹಳಷ್ಟು ಹೊಲ ಮನೆ ತೋಟದ ದುಡಿಮೆ. ಆ ದುಡಿಮೆನ ಲೆಕ್ಕಕ್ಕೆ ತಗೊಂಡಿದ್ದು ಒಳ್ಳೇದೇ, ನಾನು ಬೇಡ ಅನ್ನಲ್ಲ. ಅದನ್ನ ಕಂಪನಿ ಕೆಲಸದ ಜೊತೆ ಕೂಡಿಸಿ 'ಉದ್ಯೋಗ ಕೊಟ್ವಿ' ಅನ್ನೋದನ್ನ ಮಾತ್ರ ಒಪ್ಪಲ್ಲ. ಕೊಟ್ಟಿದ್ದು ಯಾರು?

ಪ್ರಶ್ನೆ: ಯುವನಿಧಿಗೆ ಅರ್ಜಿ ಹಾಕಿದೋರ ಸಂಖ್ಯೆ ನೋಡಿ ಹಾಸನ ಜಿಲ್ಲೆ ನಿರುದ್ಯೋಗ ಹೇಳ್ಬಹುದಾ?
– ಓದುಗರೊಬ್ಬರು, ಚನ್ನರಾಯಪಟ್ಟಣ

ಉತ್ತರ: ಆಗಲ್ಲ. ಯುವನಿಧಿ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ, ಡಿಗ್ರಿ ಆದೋರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವ್ರಿಗೆ 1500, ಪಾಸಾಗಿ 180 ದಿನ ಕೆಲಸ ಸಿಗದೋರಿಗೆ ಮಾತ್ರ, ಅದೂ ಹೆಚ್ಚು ಅಂದ್ರೆ ಎರಡು ವರ್ಷ. ಎಸ್‌ಎಸ್‌ಎಲ್‌ಸಿಗೇ ನಿಲ್ಲಿಸಿದೋರು ಇದರಲ್ಲಿ ಎಲ್ಲೂ ಬರಲ್ಲ. ಪಿಎಲ್‌ಎಫ್‌ಎಸ್ 2023-24ರ ವರದಿಲೂ ರಾಜ್ಯದ ರೇಟ್ ಇದೆಯೇ ಹೊರತು ಜಿಲ್ಲೆದು ಇಲ್ಲ. ಯಾರಾದ್ರೂ ವೇದಿಕೆ ಮೇಲೆ ಹಾಸನದ ನಿರುದ್ಯೋಗ ಇಷ್ಟು ಪರ್ಸೆಂಟ್ ಅಂದ್ರೆ, ಯಾವ ವರದಿ, ಯಾವ ವರ್ಷ ಅಂತ ಅಲ್ಲೇ ಎದ್ದು ಕೇಳಿ.