ಕಿವಿ ಸೋರುವ ಮಗಳಿಗೆ ತ್ರೀಡಿ ಸ್ಕ್ಯಾನ್ ಬೇಕೇ?

ಪ್ರಶ್ನೆ: ನನ್ನ 11 ವರ್ಷದ ಮಗಳ ಎಡಗಿವಿ ಎರಡು ವರ್ಷಗಳಿಂದ ಸೋರುತ್ತಿದೆ. ಕೀವಿಗೆ ದುರ್ವಾಸನೆ, ಕೇಳಿಸುವುದೂ ಕಡಿಮೆ. ವೈದ್ಯರು ಕಿವಿಯ ಮೂಳೆಯ ಸಿ.ಟಿ. ಸ್ಕ್ಯಾನ್ ಬರೆದಿದ್ದಾರೆ. ಹೆಚ್ಚು ಹಣ ಕೊಟ್ಟರೆ ತ್ರೀಡಿ ಚಿತ್ರವನ್ನೂ ಕೊಡುವುದಾಗಿ ಸ್ಕ್ಯಾನ್ ಕೇಂದ್ರದವರು ಹೇಳುತ್ತಾರೆ. ಅದು ಬೇಕೇ? ವಿಕಿರಣ ಹೆಚ್ಚಾಗುವುದಿಲ್ಲವೇ?

ಉತ್ತರ: ಸ್ಕ್ಯಾನನ್ನು ಮುಂದೂಡಬೇಡಿ. ವಾಸನೆಯ ಕೀವು ವರ್ಷಗಟ್ಟಲೆ ಸೋರುತ್ತಿದ್ದರೆ ನಮಗೆ ಮೊದಲು ಬರುವ ಅನುಮಾನ ಕೊಲೆಸ್ಟಿಯಟೋಮದ್ದು. ಕಿವಿತಮಟೆಯ ಚರ್ಮ ಒಳಕ್ಕೆ ಸೇರಿ ಗಂಟಾಗಿ ಬೆಳೆಯುವ ರೋಗವಿದು. ಕ್ಯಾನ್ಸರ್ ಅಲ್ಲ, ಆದರೆ ಮೂಳೆಯನ್ನು ತಿನ್ನುತ್ತದೆ. ಶಬ್ದವನ್ನು ಒಳಗಿವಿಗೆ ಸಾಗಿಸುವ ಮೂರು ಪುಟ್ಟ ಮೂಳೆಗಳಲ್ಲಿ ಸಾಮಾನ್ಯವಾಗಿ ಮೊದಲು ಸವೆಯುವುದು ನಡುವಿನ ಅಡಿಗಲ್ಲು ಮೂಳೆ (ಇಂಕಸ್). ಬಿಟ್ಟರೆ ಸಮತೋಲನದ ನಾಳ, ಮುಖದ ನರದ ಕವಚ, ಮಿದುಳಿನ ಕೆಳಗಿನ ತೆಳುಮೂಳೆಯವರೆಗೂ ಹೋಗುತ್ತದೆ. ಆ ಮೂರರಲ್ಲಿ ಅತಿ ಚಿಕ್ಕದಾದ ರಿಕಾಪು ಮೂಳೆಯ (ಸ್ಟೇಪಿಸ್) ಎತ್ತರವೇ ಸುಮಾರು 3 ಮಿಲಿಮೀಟರ್. ಆದ್ದರಿಂದಲೇ ಸುಮಾರು ಅರ್ಧ ಮಿಲಿಮೀಟರಿನ ತೆಳುಪದರಗಳ ಸ್ಕ್ಯಾನ್ ಬೇಕು.

ತ್ರೀಡಿಗಾಗಿ ಮಗುವನ್ನು ಮತ್ತೊಮ್ಮೆ ಯಂತ್ರದೊಳಗೆ ಮಲಗಿಸುವುದಿಲ್ಲ. ಅದೇ ಪದರಗಳನ್ನು ಕಂಪ್ಯೂಟರ್ ಜೋಡಿಸುತ್ತದೆ, ವಿಕಿರಣ ಹೆಚ್ಚುವುದಿಲ್ಲ. ಹಸುಗೂಸಿನ ತಲೆಬುರುಡೆಯ ಹೊಲಿಗೆಗಳು ಬೇಗ ಬೆಸೆದುಕೊಂಡಾಗ, ಅಪಘಾತದಲ್ಲಿ ಬುರುಡೆ ಸೀಳಿದಾಗ, ಹುಟ್ಟಿನಿಂದಲೇ ಕಿವಿಯ ರಚನೆ ಕೆಟ್ಟಿದ್ದಾಗ ಈ ಚಿತ್ರ ಅಮೂಲ್ಯ. ನಿಮ್ಮ ಮಗಳ ವಿಷಯದಲ್ಲಿ ತೀರ್ಮಾನ ಕೊಡುವುದು ಪದರಗಳೇ. ತ್ರೀಡಿಯಲ್ಲಿ ತೀರಾ ತೆಳುವಾದ ಮೂಳೆ ತೂತಾಗಿರುವಂತೆ ಕಾಣಿಸಿ ದಾರಿ ತಪ್ಪಿಸುವುದೂ ಉಂಟು. ಶಸ್ತ್ರಚಿಕಿತ್ಸಕರೇ ಕೇಳದಿದ್ದರೆ ಅದಕ್ಕೆ ಹಣ ಕೊಡಬೇಡಿ. ಶ್ರವಣ ಪರೀಕ್ಷೆ ಆಗಿಲ್ಲದಿದ್ದರೆ ಅದನ್ನು ಮಾಡಿಸಿ. ಮುದ್ರಿತ ಫಿಲ್ಮ್ ಸಾಲದು, ಎಲ್ಲ ಪದರಗಳೂ ಇರುವ ಸಿ.ಡಿ.ಯನ್ನು ಪಟ್ಟುಹಿಡಿದು ಪಡೆಯಿರಿ. ಮತ್ತೊಬ್ಬ ವೈದ್ಯರಿಗೆ ತೋರಿಸುವಾಗ ಅದಿದ್ದರೆ ಮರುಸ್ಕ್ಯಾನ್ ತಪ್ಪುತ್ತದೆ, ಮಕ್ಕಳ ಮಟ್ಟಿಗೆ ಇದು ಬಹಳ ಮುಖ್ಯ.

ಸಿ.ಟಿ.ಗೂ ಮಿತಿಯಿದೆ. ಕೀವು, ಊದಿದ ಒಳಪೊರೆ, ಕೊಲೆಸ್ಟಿಯಟೋಮ ಮೂರೂ ಅದರಲ್ಲಿ ಒಂದೇ ಬೂದುಬಣ್ಣ. ಮೂಳೆ ಎಲ್ಲಿ ಸವೆದಿದೆ ಎಂಬುದರಿಂದ ನಾವು ಊಹಿಸುತ್ತೇವೆ. ಶಸ್ತ್ರಚಿಕಿತ್ಸೆಯ ನಂತರ ರೋಗ ಉಳಿದಿದೆಯೇ ಎಂದು ನೋಡಲು ಡಿಫ್ಯೂಷನ್ ಎಂಬ ಬಗೆಯ ಎಂ.ಆರ್.ಐ. ಸ್ಕ್ಯಾನ್ ಹೆಚ್ಚು ನೆರವಾಗುತ್ತದೆ, ಅದರಲ್ಲಿ ವಿಕಿರಣವೂ ಇಲ್ಲ.

ಕಿವಿಗೆ ಬೆಳ್ಳುಳ್ಳಿ ಎಣ್ಣೆ ಹಾಕುತ್ತಿದ್ದರೆ ಇಂದೇ ನಿಲ್ಲಿಸಿ, ಸ್ನಾನದಲ್ಲಿ ನೀರು ಹೋಗದಂತೆ ನೋಡಿಕೊಳ್ಳಿ. ಬಾಯಿ ಒಂದು ಕಡೆಗೆ ವಾಲಿದರೆ, ತಲೆ ಸುತ್ತಿದರೆ, ಕಿವಿಯ ಹಿಂದೆ ಊದಿಕೊಂಡರೆ, ಜ್ವರದೊಂದಿಗೆ ತೀವ್ರ ತಲೆನೋವು ಬಂದರೆ ಸ್ಕ್ಯಾನಿನ ದಿನಾಂಕಕ್ಕೆ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.