ಕುಡುಕನಾದರೆ ಪಾತ್ರ ಗಟ್ಟಿಯಾಗುತ್ತಾ?

ಪ್ರಶ್ನೆ: ನನ್ನ ಕಥೆಯ ನಾಯಕ ಕುಡಿಯುತ್ತಾನೆ, ಬೈಯುತ್ತಾನೆ, ಹೆಂಡತಿಗೆ ಹೊಡೆಯುತ್ತಾನೆ. ಆದರೂ ಓದಿದವರು ಪಾತ್ರ ಗಟ್ಟಿಯಾಗಿಲ್ಲ ಅನ್ನುತ್ತಾರೆ. ಇನ್ನೇನು ಸೇರಿಸಲಿ? (ಸಿಂಧನೂರು)

ಏನನ್ನೂ ಸೇರಿಸಬೇಡಿ. ಇದೇ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ. ಬಾಟಲಿ, ಬೀಡಿ, ಬೈಗುಳ ಕೊಟ್ಟರೆ ಬರೀ ವೇಷ ಸಿಗುತ್ತದೆ. ತಪ್ಪು ಮಾಡುವ ಹೊತ್ತಿನಲ್ಲಿ ಅವನಿಗೆ ಅದು ಸರಿ ಅನ್ನಿಸಬೇಕು. ಅದನ್ನು ನೀವು ಬರೆದೇ ಇಲ್ಲ.

ನಿಮ್ಮ ಕಡೆಯ ಕಾಲುವೆಯನ್ನೇ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ರಾಯಚೂರಿನ ಕಡೆಗೆ 227 ಕಿ.ಮೀ. ಹರಿಯುತ್ತದೆ. ಮೇಲ್ಭಾಗದಲ್ಲಿ ಭತ್ತ ಹಚ್ಚಿದಷ್ಟೂ ಕೆಳಭಾಗಕ್ಕೆ ನೀರು ಕಡಿಮೆ. ಕಾರಟಗಿ ಹತ್ತಿರ ಕಾಲುವೆ ನೀರು ನೋಡಿಕೊಳ್ಳುವ ಒಬ್ಬ ಗ್ಯಾಂಗ್‌ಮನ್ ಇದ್ದಾನೆ ಅಂದುಕೊಳ್ಳಿ. ಹೆಂಡ ಮುಟ್ಟುವವನಲ್ಲ, ಸೋಮವಾರ ಒಪ್ಪೊತ್ತು. ನಾಲ್ಕು ತಿಂಗಳಿಂದ ಪಗಾರ ಬಂದಿಲ್ಲ. ಮಗಳ ಕಾಲೇಜಿನ ಫೀ ಕಟ್ಟಬೇಕು. ಅಲ್ಲಿನ ರೈತನೊಬ್ಬನಿಂದ ದುಡ್ಡು ಇಸಕೊಂಡು ರಾತ್ರಿ ಎರಡಕ್ಕೆ ತೂಬು ಎತ್ತುತ್ತಾನೆ. ಕೆಳಗೆ ಮಾನ್ವಿ ಕಡೆ ಅವನ ತಂಗಿಯ ಹೊಲ ಒಣಗುತ್ತಿದೆ. ಅವಳು ಫೋನ್ ಮಾಡಿ, "ಅಣ್ಣಾ, ನೀರು ಯಾವಾಗ ಬರ್ತಾವ?" ಅನ್ನುತ್ತಾಳೆ. "ಮ್ಯಾಲಿನ ಮಂದಿ ಬಿಡವಲ್ರವ್ವಾ" ಅನ್ನುತ್ತಾನೆ ಅವನು.

ಆ ಫೋನ್ ಬರೆಯಿರಿ. ಇಟ್ಟ ಮೇಲೆ ಅವನು ಊಟ ಮಾಡಿದನಾ, ಬಿಟ್ಟನಾ, ಅದನ್ನೂ ಬರೆಯಿರಿ. ಚಿಕ್ಕಂದಿನಲ್ಲಿ ಅಪ್ಪ ಹೊಡೆದಿದ್ದ ಎಂದು ಎರಡು ಪುಟ ಸಮಜಾಯಿಷಿ ಮಾತ್ರ ಬೇಡ.

ಇನ್ನೊಂದು ಮಾತು. ನೀವು ಕಳಿಸಿದ ಎಂಟು ಪುಟಗಳಲ್ಲಿ ಆ ಹೆಂಡತಿಗೆ ಹೆಸರೇ ಇಲ್ಲ. ಗಂಡ ಕೆಟ್ಟವನು ಎಂದು ತೋರಿಸಲು ಸುಮ್ನೆ ಒಬ್ಬ ಹೆಣ್ಣಿಗೆ ಏಟು ಕೊಡಿಸುವುದು ನನಗೆ ಸಿಟ್ಟು ತರಿಸುತ್ತದೆ. ಮೊದಲು ಅವಳು ಯಾರು ಎಂದು ತಿಳಿದುಕೊಳ್ಳಿ. ಆಗದಿದ್ದರೆ ಆ ಏಟು ತೆಗೆಯಿರಿ.

"ಒಂದು ಗುಣ, ಮೂರು ದೋಷ, ಒಂದು ಗುಟ್ಟು" ಎಂದು ಪಟ್ಟಿ ಮಾರುವ ಆನ್‌ಲೈನ್ ಕ್ಲಾಸಿಗೆ ದುಡ್ಡು ಕಟ್ಟಿದ್ದೇನೆ ಎಂದೂ ಬರೆದಿದ್ದೀರಿ. ಬಿಟ್ಟುಬಿಡಿ. ಪಟ್ಟಿ ಹಿಡಿದು ಸಂತೆ ಮಾಡಬಹುದು, ಮನುಷ್ಯನನ್ನು ಮಾಡಲು ಆಗಲ್ಲ.

ಪ್ರಶ್ನೆ: ಕೊನೆಗೆ ಕೆಟ್ಟವನಿಗೆ ಶಿಕ್ಷೆ ಆಗಲೇಬೇಕಾ? (ಕುಷ್ಟಗಿ)

ಬೇಕಿಲ್ಲ.

ಪ್ರಶ್ನೆ: ಬೈಗುಳ ಎಷ್ಟಿರಬಹುದು? (ಸಿರುಗುಪ್ಪ)

ಆ ಬಾಯಿಂದ ತಾನಾಗಿ ಬಂದಷ್ಟು. ಎಣಿಸುತ್ತಿದ್ದೀರಿ ಅಂದರೆ ಜಾಸ್ತಿ ಆಗಿದೆ.

ಪ್ರಶ್ನೆ: ನಮ್ಮೂರಿನವರೊಬ್ಬರ ಬದುಕನ್ನು ಇದ್ದ ಹಾಗೇ ಬರೆಯಬಹುದಾ? (ಸಂಡೂರು)

ಬೇಡ. ಊರು, ಕಸುಬು, ಮನೆಮಂದಿ ಎಲ್ಲ ಬದಲಿಸಿ. ನಾನೊಮ್ಮೆ ಬದಲಿಸದೆ ಬರೆದೆ. ಅವರ ಮಗಳು ಸಂತೆಯಲ್ಲಿ ಎದುರಾದಳು, ಮಾತಾಡಲಿಲ್ಲ. ಆ ಕಥೆಯನ್ನು ಮತ್ತೆ ಅಚ್ಚಿಗೆ ಕೊಟ್ಟಿಲ್ಲ.