ಮೂರು ವಾರದ ಕುದುರೆ ಮರಿಗೆ ನೀರಿನಂತೆ ಭೇದಿ

ಅಣ್ಣಾ, ಹುಮನಾಬಾದಿನಲ್ಲಿ ಮೂರು ವಾರದ ಮರಿಗೆ ಎರಡು ದಿನದಿಂದ ಭೇದಿ, ಹಾಲು ಕುಡೀತಿಲ್ಲ, ಮನುಷ್ಯರ ಮಾತ್ರೆ ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹುಟ್ಟಿದ ಒಂದೆರಡು ವಾರದಲ್ಲಿ ಬರುವ ಸಣ್ಣ ಭೇದಿಯಲ್ಲಿ ಮರಿ ಚುರುಕಾಗೇ ಇರುತ್ತದೆ. ನಿಮ್ಮದು ಮೊಲೆ ಬಿಟ್ಟಿದೆ ಅಂದರೆ ರೋಟಾವೈರಸ್ ಇರಬಹುದು, ಅದು ಕರುಳಿನ ಒಳಪದರವನ್ನೇ ಹಾಳು ಮಾಡುವುದರಿಂದ ಕುಡಿದ ಹಾಲೂ ಅರಗುವುದಿಲ್ಲ. ಬ್ಯಾಕ್ಟೀರಿಯಾ ಕೂಡ ಇರಬಹುದು, ಅದನ್ನು ಡಾಕ್ಟರೇ ನೋಡಿ ಹೇಳಬೇಕು. ಜೀವಕ್ಕೆ ಜಾಸ್ತಿ ಅಪಾಯ ಮೈಯಲ್ಲಿ ನೀರು ಕಡಿಮೆಯಾಗೋದರಿಂದ. ವಸಡಿಗೆ ಬೆರಳಿಟ್ಟು ನೋಡಿ, ಒಣಗಿ ಅಂಟುತ್ತಿದ್ದರೆ, ಕಣ್ಣು ಒಳಗೆ ಹೋಗಿದ್ದರೆ ಡ್ರಿಪ್ ಬೇಕೇ ಬೇಕು. ಬೆಳಗಿನ ತನಕ ಕಾಯಬೇಡಿ, ಊರಿನ ಪಶು ವೈದ್ಯರನ್ನು ಕರೆಸಿ, ಇಲ್ಲಾಂದ್ರೆ ತಾಯಿ ಸಮೇತ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ. ಬೇರೆ ಮರಿಗಳನ್ನು ದೂರ ಇಡಿ, ಇದರ ಲದ್ದಿ ತೆಗೆದ ಕೈಯಲ್ಲೇ ಅವುಗಳನ್ನು ಮುಟ್ಟಬೇಡಿ.